ಅಮ್ಮ, ಬೀಳದೆಯೂ ಫಿಟ್ಸ್ ಬರುತ್ತದೆ

ಲೀಡ್ಸ್, ಭಾನುವಾರ ರಾತ್ರಿ

ಅಮ್ಮ,

ಮೊನ್ನೆ ಫೋನಿನಲ್ಲಿ ಫಿಟ್ಸ್ ಅಂದ ಕೂಡಲೇ ನೀನು ಅಳಲು ಶುರು ಮಾಡಿದೆ, ನನಗೆ ಮುಂದೆ ಹೇಳಲಿಕ್ಕೇ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನಿಗೂ ಓದಲು ಕೊಡು.

ಎಚ್ಚರ ಇತ್ತು ಅಂತೀಯ, ಬಿದ್ದಿಲ್ಲ ಅಂತೀಯ, ಮತ್ತೆ ಅದು ಮೂರ್ಛೆ ರೋಗ ಹೇಗೆ ಅಂತ ಕೇಳಿದೆಯಲ್ಲ. ನಮ್ಮಲ್ಲಿ ಹೆಸರೇ ಮೂರ್ಛೆ ಅಲ್ವಾ, ಬೀಳಬೇಕು, ಬಾಯಲ್ಲಿ ನೊರೆ ಬರಬೇಕು ಅಂತಲೇ ಎಲ್ಲರ ಲೆಕ್ಕ. ಆದರೆ ಮಿದುಳಿನ ಒಂದು ಮೂಲೆಯಲ್ಲಿ ಮಾತ್ರ ಕರೆಂಟಿನ ಗಲಿಬಿಲಿಯಾಗಿ ಅಲ್ಲೇ ನಿಂತುಬಿಟ್ಟರೆ ಎಚ್ಚರ ತಪ್ಪದೇ ಇರಬಹುದು. ಆ ಮೂಲೆಯ ಕೆಲಸ ಏನೋ ಅದು ಮಾತ್ರ ಹದ ತಪ್ಪುತ್ತದೆ. ನನ್ನದು ಕಿವಿಯ ಹತ್ತಿರದ ಭಾಗ, ಟೆಂಪೊರಲ್ ಲೋಬ್. ವಾಸನೆ, ನೆನಪು, ಹೆದರಿಕೆಗೆಲ್ಲ ಅದರ ನಂಟು ಉಂಟು.

ಕಳೆದ ವಾರ ಪಾತ್ರೆ ತೊಳೆಯುತ್ತಿದ್ದೆ. ಜಾತ್ರೆಯ ತೊಟ್ಟಿಲು ಮೇಲಿಂದ ಇಳಿಯುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲಾ, ಅದೇ, ಎದೆಯವರೆಗೆ ಏರಿತು. ತೆಂಗಿನಕಾಯಿ ಸುಟ್ಟ ವಾಸನೆ. ಒಲೆ ಮೇಲೆ ಏನೂ ಇಲ್ಲ. ಈ ನಲ್ಲಿ, ಕೈಯಲ್ಲಿದ್ದ ಈ ಸೌಟು, ಎಲ್ಲ ಹಿಂದೊಮ್ಮೆ ಹೀಗೆಯೇ ಆಗಿತ್ತು ಅಂತ ಗಟ್ಟಿಯಾಗಿ ಅನಿಸಿತು. ರೂಮ್‌ಮೇಟ್ ಕರೆದದ್ದು ಕೇಳಿಸಿತು, ಉತ್ತರವೂ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಒಂದು ನಿಮಿಷ. ಆಮೇಲೆ ಸೌಟು ತೊಳೆದಿಟ್ಟೆ.

ಮಂಗಳೂರಿನಲ್ಲಿ ಓದುವಾಗಲೂ ಇದೇ ಇತ್ತು, ನೆನಪುಂಟಾ? ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ಟೆನ್ಶನ್. ನೀನು ದೃಷ್ಟಿ ತೆಗೆದೆ. ನಾನೂ ಹೊಟ್ಟೆ ವಿಷಯ ಮಾತ್ರ ಹೇಳಿದ್ದೆ, ಇಲ್ಲದ ವಾಸನೆ ಬರುತ್ತದೆ ಅಂದರೆ ತಲೆ ಕೆಟ್ಟಿದೆ ಅಂತಾರೆ ಅಂತ ಹೆದರಿ ಮುಚ್ಚಿಟ್ಟೆ. ಇಲ್ಲಿಯ ಡಾಕ್ಟರಿಗೆ ಎಲ್ಲ ಹೇಳಿದೆ. ಮಿದುಳಿನ ಕರೆಂಟು ನೋಡುವ ಪರೀಕ್ಷೆ, ಇಇಜಿ, ನಾರ್ಮಲ್ ಬಂದರೂ ಅವರು ನನ್ನ ಮಾತು ನಂಬಿದರು, ಇಂಥದ್ದು ಎಷ್ಟೋ ಸಲ ಇಇಜಿಯಲ್ಲಿ ಕಾಣುವುದೇ ಇಲ್ಲವಂತೆ.

ಮೊದಲು ಇದನ್ನು ‘ಸಿಂಪಲ್’ ಅಂತ ಕರೆಯುತ್ತಿದ್ದರು, 2017ರಲ್ಲಿ ಆ ಹೆಸರು ಕೈಬಿಟ್ಟು ‘ಫೋಕಲ್ ಅವೇರ್’ ಅಂತ ಮಾಡಿದರು, ಅಂದರೆ ಒಂದೇ ಕಡೆ ಶುರುವಾಗುವ, ಎಚ್ಚರ ಇರುವ ಫಿಟ್ಸ್. ಒಳ್ಳೆಯದೇ ಆಯಿತು, ಸಿಂಪಲ್ ಅಂದರೆ ಏನೂ ಅಲ್ಲ ಅನಿಸಿಬಿಡುತ್ತದೆ. ಹಬ್ಬಿದರೆ ದೊಡ್ಡ ಫಿಟ್ಸ್ ಆಗಬಹುದು, ಹಾಗಾಗಿ ಕಾರು ಓಡಿಸುವುದು ನಿಲ್ಲಿಸಿದ್ದೇನೆ. ಮಾತ್ರೆ ಬೆಳಿಗ್ಗೆ, ರಾತ್ರಿ. ಒಂದು ಹೊತ್ತೂ ತಪ್ಪಿಸಿಲ್ಲ. ವಿಡಿಯೋ ಕಾಲ್‌ನಲ್ಲಿ ಮಾತು ನಿಂತರೆ ಕಿರುಚಬೇಡ, ಗಡಿಯಾರ ನೋಡು. 5 ನಿಮಿಷ ದಾಟಿದರೆ ಮಾತ್ರ ರೂಮ್‌ಮೇಟ್‌ಗೆ ಫೋನ್ ಮಾಡು, ಆಂಬುಲೆನ್ಸ್ ಅವನು ಕರೆಸುತ್ತಾನೆ.

ಇನ್ನು ಮಲ್ಪೆ ಚಿಕ್ಕಪ್ಪ. ಅವರ ಎಡಗೈ ಹೆಬ್ಬೆರಳು ಹಾರಲು ಶುರುವಾಗಿ ಮೊಣಕೈವರೆಗೆ ಹತ್ತುತ್ತದೆ, ಬಲಗೈಯಲ್ಲಿ ಅದುಮಿ ಹಿಡಿದು ಮಾತಾಡುತ್ತಲೇ ಇರುತ್ತಾರೆ. ನರ ಎಳೆಯುವುದು ಅಂತ ನಾವೆಲ್ಲ ಸುಮ್ನೆ ಬಿಟ್ಟಿದ್ದೇವೆ. ಅದೂ ಇದೇ ಇರಬಹುದು ಅಮ್ಮ. ಮುಂದಿನ ಸಲ ಆದಾಗ ಅಕ್ಕ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಲಿ. ಆದರೆ ಅದಕ್ಕಾಗಿ ಕಾಯುವುದು ಬೇಡ, ಈ ವಾರವೇ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ನರರೋಗದ ಡಾಕ್ಟರಿಗೆ ತೋರಿಸಿ. ಚಿಕ್ಕಪ್ಪ ಬೇಡ ಅಂದರೆ ನಾನೇ ಮಾತಾಡುತ್ತೇನೆ.

ನಿನ್ನ ಮಗ