ಐರಿಸ್ ಬಾಡಿದರೆ ಮೊದಲು ಗೆಡ್ಡೆ ಮುಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಐರಿಸ್ ಎಂದರೆ ನೀರು ಬೇಡುವ ಹೂಗಿಡ ಎಂಬ ಮಾತು ಕೈತೋಟದ ಬರಹಗಳಲ್ಲಿ ಆಗಾಗ ಬರುತ್ತದೆ. ಜಪಾನಿ ಐರಿಸ್, ಲೂಸಿಯಾನಾ ಐರಿಸ್‌ಗಳ ಮಟ್ಟಿಗೆ ಅದು ನಿಜ. ಕೆಳಗಿಳಿದ ದಳಗಳ ಮೇಲೆ ಕಂಬಳಿಹುಳುವಿನಂಥ ರೋಮದ ಪಟ್ಟಿ ಇರುವ ಬಿಯರ್ಡೆಡ್ ಐರಿಸ್‌ಗೆ ಅದೇ ಉಪಚಾರ ಮಾಡಿದರೆ ಗಿಡ ಕೈಬಿಡುತ್ತದೆ.

ಇದರ ಮೂಲ ಜಾತಿಗಳಲ್ಲಿ ಹೆಚ್ಚಿನವು ಮೆಡಿಟರೇನಿಯನ್ ಸುತ್ತಮುತ್ತಲಿನ, ಬೇಸಿಗೆಯಲ್ಲಿ ಒಣಗುವ ಕಲ್ಲುನೆಲದವು. ಶುಂಠಿಯಂತೆ ಅಡ್ಡಡ್ಡ ಬೆಳೆಯುವ ಗೆಡ್ಡೆಯಲ್ಲಿ ಆಹಾರ ಕೂಡಿಟ್ಟುಕೊಂಡು, ಬಿಸಿಲು ಏರಿದಾಗ ಅರೆನಿದ್ದೆಗೆ ಜಾರುತ್ತವೆ. ತಂಪಿನಲ್ಲಿ ಒದ್ದೆಯನ್ನು ತಕ್ಕಮಟ್ಟಿಗೆ ತಾಳುವ ಗೆಡ್ಡೆ, ಸೆಕೆಯೂ ಒದ್ದೆಯೂ ಕೂಡಿದರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಪೆಕ್ಟೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕು, ಜೀವಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಅನ್ನೇ ಕರಗಿಸಿಬಿಡುತ್ತದೆ.

ಮೋಸ ಇರುವುದು ಇಲ್ಲೇ. ಬುಡ ಕೊಳೆತಾಗಲೂ ಎಲೆಯ ತುದಿ ಬಾಡುತ್ತದೆ, ಬಾಯಾರಿದ ಗಿಡದ ಹಾಗೆಯೇ. ನೋಡಿದವರು ಇನ್ನಷ್ಟು ನೀರು ಸುರಿಯುತ್ತಾರೆ. ಅದಕ್ಕೆ ಮೊದಲು ಹೆಬ್ಬೆರಳಿನಿಂದ ಗೆಡ್ಡೆ ಒತ್ತಿ. ಲೊಳಕ್ಕೆಂದು ಒಳಹೋಗಿ ನಾತ ಬಂದರೆ ಕೊಳೆರೋಗ. ನಾತವಿಲ್ಲದೆ, ಬುಡದ ಸುತ್ತ ಬಿಳಿ ನೂಲಿನಂಥ ಬೂಷ್ಟು, ಅದರ ನಡುವೆ ಸಾಸಿವೆ ಗಾತ್ರದ ಕಂದು ಕಾಳುಗಳಿದ್ದರೆ ಅದು ಸ್ಕ್ಲೆರೋಷಿಯಂ ಶಿಲೀಂಧ್ರ. ಗಿಡದ ಜೊತೆ ಸುತ್ತಲಿನ ಮೇಲ್ಮಣ್ಣನ್ನೂ ತೆಗೆದು ಹಾಕಬೇಕು. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ.

ಕೊಳೆತ ಗೆಡ್ಡೆಯನ್ನು ಕಿತ್ತು, ಗಟ್ಟಿಯಾದ ಬಿಳಿ ತಿರುಳು ಸಿಗುವವರೆಗೆ ಕತ್ತರಿಸಿ. ಪ್ರತಿ ಕೊಯ್ತಕ್ಕೂ ಚಾಕುವನ್ನು 1 ಪಾಲು ಮನೆಬಳಕೆಯ ದ್ರವ ಬ್ಲೀಚ್, 9 ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಅದ್ದಿ. ಗಾಯ ಒಣಗಿ ಗಟ್ಟಿಯಾದ ಮೇಲೆ ಬೇರೆ ಜಾಗದಲ್ಲಿ ನೆಡಿ.

ನೆಡುವುದಕ್ಕೆ ಹೂ ಮುಗಿದು 6ರಿಂದ 8 ವಾರಗಳ ನಂತರದ ಕಾಲ ಒಳ್ಳೆಯದು. ಜೇಡಿಮಣ್ಣಾದರೆ 15ರಿಂದ 20 ಸೆಂ.ಮೀ. ಏರುಮಡಿ ಬೇಕೇ ಬೇಕು. ಗಿಡಗಳ ನಡುವೆ 30ರಿಂದ 45 ಸೆಂ.ಮೀ. ಅಂತರವಿರಲಿ. ಬೇರು ಕೆಳಗೆ, ಗೆಡ್ಡೆಯ ಬೆನ್ನು ಬಿಸಿಲಿಗೆ. ಬಿಸಿಲು ತೀರಾ ಸುಡುವ ಕಡೆ ಮಾತ್ರ ಮೇಲೆ ಬೆರಳು ದಪ್ಪದ ಮಣ್ಣು. ಗೆಡ್ಡೆಯ ಮೇಲೆ ತರಗೆಲೆ ಹೊದಿಸುವುದು ಕೊಳೆಗೆ ಹಾಸಿಗೆ ಹಾಸಿದಂತೆ. ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮೇಲಿನ 5 ಸೆಂ.ಮೀ. ಒಣಗುವವರೆಗೆ ಸುಮ್ಮನಿರಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಅಂಗಾಂಶ ಮೆತ್ತಗಾಗಿ ರೋಗಕ್ಕೆ ಸುಲಭದ ತುತ್ತಾಗುತ್ತದೆ.

ಹಾಗೆಂದು ಯಾವಾಗಲೂ ಒಣಗಿಸಬಾರದು. ಚಳಿ ಕಳೆದು ಚಿಗುರು ಎದ್ದಾಗಿನಿಂದ ಹೂ ಅರಳುವವರೆಗೆ ತೇವ ಕಡಿಮೆಯಾದರೆ ಹೂದಂಡು ಗಿಡ್ಡವಾಗುತ್ತದೆ. ವರ್ಷಕ್ಕೆ ಎರಡು ಸಲ ಹೂ ಬಿಡುವ ತಳಿಗಳಿಗೆ ಬೇಸಿಗೆಯಲ್ಲೂ ನೀರು ಬೇಕು. ನೆಲ ಬಸಿದರೂ ಗಾಳಿಯಲ್ಲಿ ತೇವ ತುಂಬಿದ್ದರೆ ಎಲೆಚುಕ್ಕೆ ರೋಗ ಕಾಡುತ್ತದೆ. ಎಲೆಗೆ ತಾಗದಂತೆ ಬೆಳಿಗ್ಗೆಯೇ ಬುಡಕ್ಕೆ ನೀರು ಕೊಡಿ, ಚುಕ್ಕೆಯ ಎಲೆ ಕತ್ತರಿಸಿ ದೂರ ಹಾಕಿ.

ಇನ್ನು, ಚಳಿಯೇ ಇಲ್ಲದ ಕಡೆ ಗಿಡ ಹಸಿರಾಗಿದ್ದರೂ ಹೂ ಅಪರೂಪ. ಕುಳ್ಳ ತಳಿಗಳಿಗಂತೂ ಚಳಿ ಇನ್ನೂ ಹೆಚ್ಚು ಬೇಕು. ಆ ಕೊರತೆಯನ್ನು ಗೊಬ್ಬರ ತುಂಬಲಾರದು. ಅಂಥಲ್ಲಿ ಲೂಸಿಯಾನಾ ಐರಿಸ್ ನೆಟ್ಟು, ಬೇಕಾದಷ್ಟು ನೀರು ಕೊಡಬಹುದು.