ಕಾಲಿನ ನಾಡಿ ಹಿಡಿದು ನೋಡಿದ ಡಾಕ್ಟ್ರಿಗೆ

ಹೃದಯದಿಂದ ಮೈಗೆಲ್ಲಾ ರಕ್ತ ಒಯ್ಯೋ ಮಹಾಧಮನಿ ಇಕ್ಕಟ್ಟಾಗಿತ್ತು ಅಂತ ಅದಕ್ಕೆ ಸ್ಟೆಂಟ್ (ನಾಳ ಅಗಲವಾಗಿಡೋ ಜಾಲರಿ ಕೊಳವೆ) ಹಾಕಿ ಒಂದು ವರ್ಷ ಆಯ್ತು, ಮೊನ್ನೆ ಸಿಟಿ ಸ್ಕ್ಯಾನ್ ನೋಡಿ ಎಲ್ಲಾ ಸರಿಯಾಗಿದೆ ಅಂದ್ರು, ಈಗ್ಲೂ ಥ್ಯಾಂಕ್ಸ್ ಹೇಳ್ದೇ ಇದ್ರೆ ತಪ್ಪಾಗುತ್ತೆ.

ನಂಗೆ 28ಕ್ಕೇ ಬಿಪಿ ಬಂತು. ಆರು ವರ್ಷದಲ್ಲಿ ಒಂದು ಮಾತ್ರೆ ಮೂರಾಯ್ತು, ಬಿಪಿ ಮಾತ್ರ ಜಗ್ಗಲಿಲ್ಲ. ಟೆನ್ಷನ್ ಕಮ್ಮಿ ಮಾಡ್ಕೋ, ಉಪ್ಪು ಬಿಡು ಅಂತ ಹೇಳಿದ್ದೇ ಹೇಳಿದ್ದು, ನಾನೂ ನನ್ನದೇ ತಪ್ಪು ಅಂದ್ಕೊಂಡಿದ್ದೆ. ಮೆಟ್ಟಿಲು ಹತ್ತಿದ್ರೆ ಕಾಲು ಸೋಲೋದು, ಪಾದ ಯಾವಾಗ್ಲೂ ತಣ್ಣಗೆ ಕೊರೆಯೋದು, ಇದಕ್ಕೂ ಬಿಪಿಗೂ ನಂಟಿದೆ ಅಂತ ನಂಗೆಲ್ಲಿ ಹೊಳೀಬೇಕು.

ಒಂದು ದಿನ ಆಸ್ಪತ್ರೆಗೆ ಹೋದಾಗ ಡ್ಯೂಟಿಲಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರು ಒಂದು ಕೈ ನನ್ನ ಮಣಿಕಟ್ಟಿನ ಮೇಲೆ, ಇನ್ನೊಂದು ತೊಡೆಸಂದಿಲಿ ಇಟ್ಟು ಸುಮ್ನೆ ನಿಂತುಬಿಟ್ರು. ಕೈ ನಾಡಿ ಬಡಿದು ಆಮೇಲೆ ಕಾಲಿಂದು ಬರ್ತಿತ್ತಂತೆ, ಅದೂ ಕ್ಷೀಣವಾಗಿ. ಕಾಲಿಗೂ ಬಿಪಿ ಪಟ್ಟಿ ಕಟ್ಟಿದ್ರು, ಕೈಯಲ್ಲಿ 170, ಕಾಲಲ್ಲಿ 115, ಅಸಲಿಗೆ ಕಾಲಲ್ಲೇ ಸ್ವಲ್ಪ ಜಾಸ್ತಿ ಇರ್ಬೇಕಂತೆ! ನನ್ನ ಹಳೇ ಎಕ್ಸ್‌ರೇನೇ ಬೆಳಕಿಗೆ ಹಿಡಿದು, ಪಕ್ಕೆಲುಬಿನ ಕೆಳಗಿನ ಅಂಚಲ್ಲಿ ಇಲಿ ಕಚ್ಚಿದ ಹಾಗಿದ್ದ ಗುರುತು ತೋರಿಸಿದ್ರು. ಮಹಾಧಮನಿಯ ದೊಡ್ಡ ದಾರಿ ಕಿರಿದಾಗಿದ್ದಕ್ಕೆ ರಕ್ತ ಪಕ್ಕೆಯ ಸಣ್ಣ ನಾಳಗಳಲ್ಲಿ ನುಗ್ಗಿ, ಅವು ದಪ್ಪ ಆಗಿ ಎಲುಬನ್ನೇ ಸವೆಸಿದ್ವು. ಅಷ್ಟು ವರ್ಷ ಅದು ನನ್ನ ಫೈಲಲ್ಲೇ ಇತ್ತು ನೋಡಿ.

ಕಾಯಿಲೆ ಹೆಸರು ಕೊಆರ್ಕ್ಟೇಷನ್. ಎಡಗೈಗೆ ಕವಲು ಒಡೆದ ಸ್ವಲ್ಪ ಮುಂದೆ ಮಹಾಧಮನಿ ಹುಟ್ಟಿನಿಂದಲೇ ಇಕ್ಕಟ್ಟು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಮಹಾಧಮನಿಯ ಬಾಯಲ್ಲಿರೋ ಹೃದಯದ ಕವಾಟಕ್ಕೆ ಮೂರರ ಬದಲು ಎರಡೇ ಎಸಳು ಅಂತಾನೂ ಗೊತ್ತಾಯ್ತು, ಇವೆರಡೂ ಜೋಡಿಯಾಗಿ ಬರೋದು ತುಂಬಾ ಸಾಮಾನ್ಯವಂತೆ. ತಲೆಯ ರಕ್ತನಾಳದಲ್ಲಿ ಉಬ್ಬು ಇದೆಯಾ ಅಂತ ಎಂಆರ್‌ಐ ಮಾಡಿದ್ರು, ಪುಣ್ಯಕ್ಕೆ ಇರ್ಲಿಲ್ಲ.

ಎದೆ ಕೊಯ್ಯೋದೇನೋ ಅಂತ ನಡುಗ್ತಿದ್ದೆ, ತೊಡೆಯ ಧಮನಿಯಿಂದಲೇ ಸ್ಟೆಂಟ್ ಕಳ್ಸಿ ಬಲೂನ್ ಉಬ್ಬಿಸಿ ಮುಗಿಸಿದ್ರು. ಇದನ್ನ ಮಾಡಿದ ಕ್ಯಾಥ್ ಲ್ಯಾಬ್‌ನ ಎಲ್ರಿಗೂ, ಕಾಲು ಅಲ್ಲಾಡಿಸ್ಬೇಡಿ ಅಂತ ರಾತ್ರಿಯೆಲ್ಲಾ ಗದರಿದ ನರ್ಸ್‌ಗೂ, ಕುರ್ಚಿಲೇ ತೂಕಡಿಸಿದ ನನ್ನ ಹೆಂಡ್ತಿಗೂ ದೊಡ್ಡ ನಮಸ್ಕಾರ. ಬೆಳಿಗ್ಗೆ ಅವ್ಳೇ ಪಾದ ಮುಟ್ಟಿ ನೋಡಿ 'ಅಯ್ಯೋ ಬೆಚ್ಚಗಿದೆ' ಅಂದ್ಲು.

ಪೂರ್ತಿ ವಾಸಿ ಆಯ್ತಾ ಅಂತ ಕೇಳ್ತಾರೆ. ಇಲ್ಲ, ಒಂದು ಮಾತ್ರೆ ಇನ್ನೂ ಇದೆ, ಸ್ಟೆಂಟ್ ಜಾಗಕ್ಕೂ ಕವಾಟಕ್ಕೂ ಜೀವನಪೂರ್ತಿ ಚೆಕಪ್ ತಪ್ಪಿದ್ದಲ್ಲ.

ಕಳೆದ ವಾರ ಆ ಡಾಕ್ಟ್ರಿಗೆ ಥ್ಯಾಂಕ್ಸ್ ಹೇಳೋಕೆ ಹೋದ್ರೆ, ನನ್ ಮಾತು ಮುಗಿಯೋಕೂ ಬಿಡ್ದೆ ಮಲಗಿ ಅಂದ್ರು, ಮತ್ತೆ ಅದೇ ಎರಡು ಕಡೆ ಕೈಯಿಟ್ಟು ನಿಂತು, 'ಈಗ ಎರಡೂ ಜೊತೆಗೇ ಬರ್ತಿದೆ ಕಣ್ರೀ' ಅಂತ ನಕ್ರು.