ಭಾನುವಾರದ ಚರ್ಚೆಗೆ ಮುನ್ನ

ಸದಸ್ಯರ ಗಮನಕ್ಕೆ. ಕಳೆದ ವಾರ ಟ್ರಂಪ್ ಹೆಸರು ಬಂದೊಡನೆ ಚರ್ಚೆ ಜಗಳವಾಯಿತು. ಆದ್ದರಿಂದ ಈ ಭಾನುವಾರ ಸಂಜೆ 7ಕ್ಕೆ ಇನ್ನೂರು ವರ್ಷ ಹಿಂದಕ್ಕೆ ಸರಿದು ಅಮೆರಿಕದ ಏಳನೇ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರಿಂದ ಶುರು ಮಾಡೋಣ.

1829ರ ಮಾರ್ಚ್ 4, ಅವರ ಪ್ರಮಾಣವಚನದ ದಿನ, ಜನ ಶ್ವೇತಭವನಕ್ಕೇ ನುಗ್ಗಿದರು. ಕೆಸರು ಬೂಟಿನಲ್ಲೇ ಕುರ್ಚಿ ಹತ್ತಿದರು, ಪಿಂಗಾಣಿ ಪುಡಿಯಾಯಿತು. ಕೊನೆಗೆ ಮದ್ಯ ಬೆರೆಸಿದ ಪಾನಕದ ತೊಟ್ಟಿಗಳನ್ನು (ನಮ್ಮ ರಾಮನವಮಿಯ ಪಾನಕವಲ್ಲ!) ಹೊರಗಿನ ಹುಲ್ಲುಹಾಸಿಗೆ ಸಾಗಿಸಿ ಗುಂಪನ್ನು ಸೆಳೆಯಬೇಕಾಯಿತು.

ಈ ಕಥೆ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1832ರ ವೀಟೊ, ಅಂದರೆ ಶಾಸಕಾಂಗ ಒಪ್ಪಿದ ಮಸೂದೆಯನ್ನು ಅಧ್ಯಕ್ಷರು ತಡೆಯುವುದು. ಹಿಂದಿನ ಆರು ಅಧ್ಯಕ್ಷರು ಸೇರಿ ತಡೆದದ್ದು 10 ಮಸೂದೆ, ಅದೂ ಬಹುಪಾಲು ಸಂವಿಧಾನದ ಕಾರಣ ಕೊಟ್ಟು. ಜಾಕ್ಸನ್ ಒಬ್ಬರೇ 12 ತಡೆದರು. ರಾಷ್ಟ್ರೀಯ ಬ್ಯಾಂಕಿನ ಸನದು (ಸರ್ಕಾರಿ ಪರವಾನಗಿ) ಮುಂದುವರಿಸುವ ಮಸೂದೆಯನ್ನು ಹಿಂತಿರುಗಿಸುತ್ತಾ, ಸಿರಿವಂತರು ಸರ್ಕಾರವನ್ನು ತಮ್ಮ ಸ್ವಾರ್ಥಕ್ಕೆ ಬಗ್ಗಿಸಿಕೊಳ್ಳುತ್ತಾರೆಂದು ಬರೆದರು. ಪತ್ರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ, ಮಾತು ಮಾತ್ರ ಮತದಾರರಿಗೆ! 1834ರಲ್ಲಿ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಅವರ ವಿರುದ್ಧ ಖಂಡನಾ ನಿರ್ಣಯ ಮಾಡಿದಾಗ, ಅಧ್ಯಕ್ಷನೇ ಜನರ ನೇರ ಪ್ರತಿನಿಧಿ ಎಂದು ತಿರುಗೇಟು ಕೊಟ್ಟರು. ಆಡಳಿತಗಾರನ ಹುದ್ದೆ ಜನನಾಯಕನ ಪೀಠವಾದದ್ದು ಹೀಗೆ.

ಆ 'ಜನ'ರಲ್ಲಿ ಚೆರೋಕೀ ಎಂಬ ಮೂಲನಿವಾಸಿ ಬುಡಕಟ್ಟಿನವರು ಇರಲಿಲ್ಲ. ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಆಚೆಗೆ ಅಟ್ಟಲು ದಾರಿ ಮಾಡಿದ 1830ರ ಕಾಯ್ದೆಗೆ ಸಹಿ ಹಾಕಿದವರೂ ಇವರೇ. ಚರ್ಚೆಯಲ್ಲಿ ಇದನ್ನು ಬದಿಗೆ ಸರಿಸುವುದು ಬೇಡ.

ಮಾತನಾಡಬಯಸುವವರು ಶನಿವಾರದೊಳಗೆ ಹೆಸರು ತಿಳಿಸಿ. ಅಲ್ಲಿಯವರೆಗೆ ಬೇರೆಡೆಯಿಂದ ಬಂದ ವಿಡಿಯೊಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.